ಕೊಲೆಗಾರನ ಕಥೆಗೆ ಯಾರು ನಗುತ್ತಾರೆ?

ಬೆಲ್ಜಿಯಂನ ಬ್ರೂಜ್ ಪಟ್ಟಣದ ಒಂದು ಉದ್ಯಾನ. ಕೆನ್ ಎಂಬ ನಡುವಯಸ್ಸು ದಾಟಿದ ಸುಪಾರಿ ಹಂತಕ ತನ್ನ ಕಿರಿಯ ಜೊತೆಗಾರ ರೇಯ ಬೆನ್ನ ಹಿಂದೆ ಸದ್ದಿಲ್ಲದೆ ನಡೆದು ಬರುತ್ತಿದ್ದಾನೆ. ರೇಯನ್ನು ಮುಗಿಸಬೇಕೆಂದು ಧಣಿಯ ಅಪ್ಪಣೆಯಾಗಿದೆ. ಕೆನ್ ಗುರಿಯಿಡುವಷ್ಟರಲ್ಲಿ ರೇ ತನ್ನದೇ ಪಿಸ್ತೂಲು ತೆಗೆದು ತನ್ನ ತಲೆಗೆ ಒತ್ತಿಕೊಳ್ಳುತ್ತಾನೆ. ಕೊಲ್ಲಲು ಬಂದವನು ಗಾಬರಿಬಿದ್ದು ಕೂಗಿ ಅವನನ್ನು ತಡೆಯುತ್ತಾನೆ. ಮರುಗಳಿಗೆಯಲ್ಲಿ ರೇಗೆ ಕೆನ್‌ನ ಕೈಯಲ್ಲಿರುವ ಪಿಸ್ತೂಲು ಕಾಣುತ್ತದೆ. ಸಾಯಲು ಹೊರಟಿದ್ದವನಿಗೆ ತನ್ನನ್ನು ಕೊಲ್ಲಲು ಬಂದರಲ್ಲಾ ಎಂದು ಸಿಟ್ಟು ಬರುತ್ತದೆ.

ಮಾರ್ಟಿನ್ ಮೆಕ್‌ಡೊನಾ ಬರೆದು ನಿರ್ದೇಶಿಸಿದ ‘ಇನ್ ಬ್ರೂಜ್’ ಚಿತ್ರದ ದೃಶ್ಯ ಇದು. 2008ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದ ಮೊದಲ ದಿನ ಚಿತ್ರ ತೆರೆಕಂಡಿತು. ರೇ ಪಾತ್ರಧಾರಿ ಕಾಲಿನ್ ಫ್ಯಾರೆಲ್‌ಗೆ ಗೋಲ್ಡನ್ ಗ್ಲೋಬ್ ಬಂತು. ಚಿತ್ರಕಥೆಗೆ ಬಾಫ್ಟಾ ಪ್ರಶಸ್ತಿಯೂ ಆಸ್ಕರ್ ನಾಮನಿರ್ದೇಶನವೂ ದೊರೆತವು. ಆದರೂ ಈ ಚಿತ್ರವನ್ನು ನೋಡಿ ಹೊರಬಂದವರ ಮಾತು ಒಂದೇ ತೆರನಾಗಿಲ್ಲ. ಹೊಟ್ಟೆ ಹಿಡಿದು ನಕ್ಕೆ ಎನ್ನುವವರಿದ್ದಾರೆ. ಇಷ್ಟು ದುಃಖದ ಚಿತ್ರವನ್ನು ಹಾಸ್ಯ ಎಂದು ಕರೆದವರಾರು ಎನ್ನುವವರಿದ್ದಾರೆ. ಕೊಲೆಯನ್ನು ನಗೆಯ ಸರಕು ಮಾಡುವುದೇ ತಪ್ಪು ಎನ್ನುವವರೂ ಇದ್ದಾರೆ.

ಇಂಥ ಭಿನ್ನಮತವನ್ನು ಅಭಿರುಚಿಯ ವ್ಯತ್ಯಾಸ ಎಂದು ಬದಿಗೆ ಸರಿಸುವುದು ರೂಢಿ. ಕಳೆದ ಐದು ದಶಕಗಳ ಮನೋವಿಜ್ಞಾನ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಡಾರ್ಕ್ ಕಾಮಿಡಿಗೆ, ಎಂದರೆ ಸಾವುನೋವನ್ನೇ ನಗೆಯಾಗಿಸುವ ಕರಾಳ ಹಾಸ್ಯಕ್ಕೆ, ನಕ್ಕವರನ್ನೂ ನಗದವರನ್ನೂ ನಡೆಸುವುದು ಒಂದೇ ನೈತಿಕ ಪ್ರಜ್ಞೆ. ತೆರೆಯ ಮೇಲಿನ ನೋವು ತನ್ನಿಂದ ಎಷ್ಟು ದೂರದಲ್ಲಿದೆ ಎಂದು ಪ್ರತಿಯೊಬ್ಬರೂ ಅಳೆದುಕೊಳ್ಳುವ ಲೆಕ್ಕ ಮಾತ್ರ ಬೇರೆ. ಇದನ್ನು ಅರಿತರೆ ಇಬ್ಬರ ಬಗೆಗೂ ನಾವು ಆಡುವ ದುಡುಕಿನ ಮಾತುಗಳು ನಿಲ್ಲಬೇಕು ಎಂಬುದು ನನ್ನ ನಂಬಿಕೆ.

ತಪ್ಪು ಎಂದು ಗೊತ್ತಿರಬೇಕು

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಅದನ್ನು ಕನ್ನಡದಲ್ಲಿ ‘ನಿರಪಾಯ ಉಲ್ಲಂಘನೆ’ ಎನ್ನಬಹುದು. ನಗು ಹುಟ್ಟಲು ಎರಡು ಸಂಗತಿಗಳು ಒಟ್ಟಿಗೆ ಒದಗಬೇಕು. ಮೊದಲನೆಯದಾಗಿ, ಲೋಕ ಹೀಗಿರಬೇಕು ಎಂದು ನಾವು ನಂಬಿದ ಯಾವುದೋ ಕಟ್ಟಳೆ ಮುರಿಯಬೇಕು. ಎರಡನೆಯದಾಗಿ, ಹಾಗೆ ಮುರಿದದ್ದರಿಂದ ನಿಜವಾದ ಕೇಡಿಲ್ಲ ಎಂದು ಅದೇ ಗಳಿಗೆಯಲ್ಲಿ ಅನ್ನಿಸಬೇಕು. ಮೊದಲನೆಯದು ಮಾತ್ರ ಇದ್ದರೆ ಅಸಹ್ಯವೋ ಭಯವೋ ಹುಟ್ಟುತ್ತದೆ. ಎರಡನೆಯದು ಮಾತ್ರ ಇದ್ದರೆ ಬೇಸರ ಬರುತ್ತದೆ. ಎರಡೂ ಕೂಡಿದಾಗ ನಗು.

ಅವರ ಒಂದು ಪ್ರಯೋಗದ ಸನ್ನಿವೇಶ ಹೀಗಿತ್ತು: ಜನರನ್ನು ಸೆಳೆಯಲು ಚರ್ಚೊಂದು ಲಾಟರಿ ಎತ್ತಿ ದುಬಾರಿ ಕಾರನ್ನು ಬಹುಮಾನ ಕೊಡುತ್ತದೆ. ಚರ್ಚಿನೊಂದಿಗೆ ಗಟ್ಟಿ ನಂಟಿಲ್ಲದವರಿಗೆ ಇದು ಸುಲಭವಾಗಿ ನಗೆ ತರಿಸಿತು. ಚರ್ಚನ್ನು ಮನಸಾರೆ ನೆಚ್ಚಿದವರು ಅಷ್ಟು ನಗಲಿಲ್ಲ. ಕಟ್ಟಳೆ ಎಷ್ಟು ಹತ್ತಿರದ್ದೋ ಅದನ್ನು ಮುರಿದಾಗ ‘ಪರವಾಗಿಲ್ಲ’ ಅನ್ನಿಸುವುದು ಅಷ್ಟು ಕಷ್ಟ.

ಉದ್ಯಾನದ ದೃಶ್ಯಕ್ಕೆ ಇದನ್ನು ಅನ್ವಯಿಸಿ ನೋಡಿದರೆ ಅದರ ಕಟ್ಟು ತಿಳಿಯುತ್ತದೆ. ಗೆಳೆಯನನ್ನೇ ಕೊಲ್ಲುವುದು ಘೋರ ಉಲ್ಲಂಘನೆ. ಆತ್ಮಹತ್ಯೆಯ ಯತ್ನ ಇನ್ನೊಂದು. ಎರಡೂ ಒಂದಕ್ಕೊಂದು ಅಡ್ಡಬಂದು ಒಂದನ್ನೊಂದು ರದ್ದು ಮಾಡುತ್ತವೆ. ಯಾರೂ ಸಾಯುವುದಿಲ್ಲ. ಉಲ್ಲಂಘನೆ ಇಮ್ಮಡಿಯಾಗಿದೆ, ಕೇಡು ತಪ್ಪಿದೆ. ಆ ದೃಶ್ಯಕ್ಕೆ ನಗುವವರು ಕೊಲೆ ತಪ್ಪೆಂಬುದನ್ನು ಮರೆತು ನಗುವುದಿಲ್ಲ. ತಪ್ಪೆಂಬ ಅರಿವೇ ಇಲ್ಲದವರಿಗೆ ಅಲ್ಲಿ ನಗಲು ಏನೂ ಸಿಗದು.

ಇಲ್ಲಿ ದೇಹದ ಪಾಲೂ ಇದೆ. ಜರ್ಮನ್ ಮೂಲದ ಮಾಧ್ಯಮ ಮನೋವಿಜ್ಞಾನಿ ಡಾಲ್ಫ್ ಜಿಲ್‌ಮನ್ 1970ರ ದಶಕದಲ್ಲಿ ತೋರಿಸಿಕೊಟ್ಟಂತೆ, ಒಂದು ಭಾವದಿಂದ ಎದ್ದ ದೈಹಿಕ ಉದ್ರೇಕ ತಟ್ಟನೆ ಇಳಿಯುವುದಿಲ್ಲ. ಎದೆಬಡಿತ ಏರಿಯೇ ಇರುತ್ತದೆ. ಅದರ ಬೆನ್ನಿಗೇ ಬರುವ ಮುಂದಿನ ಭಾವ ಆ ಉಳಿಕೆಯನ್ನು ತನ್ನದಾಗಿಸಿಕೊಂಡು ಬಲಗೊಳ್ಳುತ್ತದೆ. ಪಿಸ್ತೂಲು ಎತ್ತಿದಾಗಿನ ಆತಂಕ ಮುಂದಿನ ಕ್ಷಣದ ನಗುವಿಗೆ ಸೇರುವುದರಿಂದಲೇ ಡಾರ್ಕ್ ಕಾಮಿಡಿಯ ನಗು ಸಾದಾ ಹಾಸ್ಯದ ನಗುವಿಗಿಂತ ಜೋರಾಗಿ ಸಿಡಿಯುತ್ತದೆ. ಆತಂಕ ಇಳಿಯದೆ ಉಳಿದವರಿಗೆ ಅದೇ ದೃಶ್ಯ ಇನ್ನಷ್ಟು ಭಾರವಾಗುತ್ತದೆ.

ದೂರವೂ ಸಾಮೀಪ್ಯವೂ

‘ಕೇಡಿಲ್ಲ’ ಎಂಬ ಭಾವ ಎಲ್ಲಿಂದ ಬರುತ್ತದೆ? ಮೆಕ್‌ಗ್ರಾ ಮತ್ತು ಜೊತೆಗಾರರ 2012ರ ಅಧ್ಯಯನದ ಉತ್ತರ: ಮಾನಸಿಕ ದೂರದಿಂದ. ಕಾಲದ ದೂರ, ಸ್ಥಳದ ದೂರ, ಸಂಬಂಧದ ದೂರ, ಇದು ಕಲ್ಪಿತ ಎಂಬ ದೂರ. ಕಾರು ಡಿಕ್ಕಿ ಹೊಡೆದ ಪ್ರಸಂಗ ಐದು ವರ್ಷ ಹಿಂದಿನದಾದರೆ ನಗೆ ತರಬಹುದು, ನಿನ್ನೆಯದಾದರೆ ಇಲ್ಲ ಎಂದು ಜನ ಹೇಳಿದರು. ಕಾಲ್ಬೆರಳು ಎಡವಿದ ಪ್ರಸಂಗಕ್ಕೆ ಉತ್ತರ ತಿರುಗುಮುರುಗು: ನಿನ್ನೆಯದು ನಗೆ ತರುತ್ತದೆ, ಐದು ವರ್ಷ ಹಳೆಯದು ಸಪ್ಪೆ. ದೊಡ್ಡ ನೋವಿಗೆ ದೂರ ಬೇಕು, ಸಣ್ಣ ನೋವಿಗೆ ಸಾಮೀಪ್ಯ ಬೇಕು.

2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿದಾಗ ಇದೇ ತಂಡಕ್ಕೆ ಕಾಲದ ದೂರವನ್ನು ಹಿಂಬಾಲಿಸುವ ಅವಕಾಶ ಸಿಕ್ಕಿತು. ಚಂಡಮಾರುತದ ಕುರಿತ ಹಾಸ್ಯದ ಟ್ವೀಟ್‌ಗಳನ್ನು ಬೇರೆ ಬೇರೆ ದಿನ ಬೇರೆ ಬೇರೆ ಜನರಿಗೆ ತೋರಿಸಿ ಅಂಕ ಕೊಡಿಸಿದರು. ಅನಾಹುತದ ಪ್ರಮಾಣ ತಿಳಿಯುತ್ತಿದ್ದಂತೆ ಅಂಕ ಕುಸಿಯಿತು. ಮುಂದೆ ಏರುತ್ತಾ ಹೋಗಿ ಸುಮಾರು ಐದು ವಾರಕ್ಕೆ ತುದಿ ಮುಟ್ಟಿತು. ಆಮೇಲೆ ಮತ್ತೆ ಇಳಿಯಿತು. ಮಾತು ಅದೇ, ಬದಲಾದದ್ದು ಕೇಳುವವರು ನಿಂತ ಜಾಗ.

ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದ ಕನ್ನಡಿಗರಿಗೆ ಈ ವಿಚಾರ ಹೊಸದೆನಿಸದು. ರಂಗದ ಮೇಲಿನ ದುಃಖ ‘ನನ್ನದು’ ಎಂದೂ ಅಲ್ಲ, ‘ಪರರದು’ ಎಂದೂ ಅಲ್ಲದ ಸ್ಥಿತಿಯಲ್ಲಿ ಸಹೃದಯನಿಗೆ ಆಸ್ವಾದ್ಯವಾಗುತ್ತದೆ ಎಂದು ಭಟ್ಟನಾಯಕ, ಅಭಿನವಗುಪ್ತರು ವಿವರಿಸಿದರು. ಅದನ್ನೇ ಸಾಧಾರಣೀಕರಣ ಎಂದರು. 14ನೇ ಶತಮಾನದ ವಿಶ್ವನಾಥ ತನ್ನ ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿ ರಸಗಳೆಂದು ಪಟ್ಟಿ ಮಾಡಿದ. ಡಾರ್ಕ್ ಕಾಮಿಡಿ ಈ ಮೂರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ಹೊರಡುವ ಪ್ರಕಾರ. ಅದು ಎಲ್ಲರಿಗೂ ಒಪ್ಪಿಗೆಯಾಗದಿದ್ದರೆ ಅಚ್ಚರಿಯಿಲ್ಲ.

‘ಇನ್ ಬ್ರೂಜ್’ ಈ ದೂರವನ್ನು ಬೇಕೆಂದೇ ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ. ಮಧ್ಯಯುಗದ ಕಾಲುವೆಗಳು, ಗಂಟೆಗೋಪುರ, ಹಬ್ಬದ ದೀಪಗಳ ನಡುವೆ ಇಬ್ಬರು ಕೊಲೆಗಾರರು ಪ್ರವಾಸಿಗಳಂತೆ ಅಲೆಯುವುದು ನಮ್ಮನ್ನು ದೂರ ಒಯ್ಯುತ್ತದೆ. ಅಷ್ಟರಲ್ಲಿ ಅವರು ಅಲ್ಲಿಗೆ ಬಂದ ಕಾರಣ ತಿಳಿಯುತ್ತದೆ. ರೇ ತನ್ನ ಮೊದಲ ಸುಪಾರಿಯಲ್ಲಿ ಪಾದ್ರಿಯೊಬ್ಬನನ್ನು ಕೊಂದಾಗ ಗುಂಡೊಂದು ಪ್ರಾರ್ಥಿಸುತ್ತಿದ್ದ ಬಾಲಕನಿಗೆ ತಗುಲಿದೆ. ಪಾಪನಿವೇದನೆಗೆಂದು ಆ ಹುಡುಗ ಬರೆದುಕೊಂಡಿದ್ದ ಚೀಟಿ ತೆರೆಯ ಮೇಲೆ ಕಾಣುತ್ತದೆ. ಗಣಿತ ಬಾರದಿರುವುದೂ ದುಃಖವಾಗುವುದೂ ಅವನ ಪಾಪಗಳ ಪಟ್ಟಿಯಲ್ಲಿವೆ. ಆ ಚೀಟಿ ಎದುರಾದಾಗ ದೂರವೆಂಬುದು ಉಳಿಯುವುದಿಲ್ಲ. ಅಲ್ಲಿಂದ ಮುಂದೆ ಕೆಲವರಿಗೆ ಮತ್ತೆ ನಗಲು ಸಾಧ್ಯವಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಮಗುವನ್ನು ಕಳೆದುಕೊಂಡವರೊಬ್ಬರು ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದರೆ ಅವರ ಮೌನಕ್ಕೆ ಸಿನಿಮಾ ಕಲೆಯ ಅಜ್ಞಾನವನ್ನು ಕಾರಣವಾಗಿ ಹೇಳುವುದು ಅನ್ಯಾಯ.

ಹಂತಕನ ಪಕ್ಷ ವಹಿಸುವುದು

ದೂರವೊಂದೇ ಸಾಲದು; ಕೊಲೆಗಾರನ ಮೇಲೆ ಒಲವೂ ಮೂಡಬೇಕು. ಜಿಲ್‌ಮನ್ ಮತ್ತು ಜೋನ್ ಕ್ಯಾಂಟರ್ 1976ರಲ್ಲಿ ಹೇಳಿದ್ದು ಇಷ್ಟು: ನಮಗೆ ಇಷ್ಟವಿಲ್ಲದವರು ಪೇಚಿಗೆ ಸಿಕ್ಕಾಗ ನಗುತ್ತೇವೆ, ಇಷ್ಟವಿದ್ದವರು ಸಿಕ್ಕಾಗ ನಗು ಕಟ್ಟಿಹೋಗುತ್ತದೆ. ಪ್ರೇಕ್ಷಕ ಪಾತ್ರಗಳ ನಡತೆಯನ್ನು ತೂಗಿನೋಡಿ ಯಾರನ್ನು ಮೆಚ್ಚಬೇಕೆಂದು ನಿರ್ಧರಿಸುತ್ತಾನೆ ಎಂಬುದು ಆಗಿನ ತಿಳಿವಳಿಕೆ. ಮಾಧ್ಯಮ ಸಂಶೋಧಕ ಆರ್ಥರ್ ರೇನಿ 2004ರಲ್ಲಿ ಈ ಕ್ರಮವನ್ನು ತಿರುಗಿಸಿದರು. ಅನೇಕ ಸಲ ಮೆಚ್ಚುಗೆ ಮೊದಲು ಬರುತ್ತದೆ. ಸಮರ್ಥನೆಯನ್ನು ಆಮೇಲೆ ಹುಡುಕುತ್ತೇವೆ. ಕಥೆಯ ನಾಯಕ ಈತ ಎಂದು ಗೊತ್ತಾದ ಕೂಡಲೇ ಅವನ ತಪ್ಪುಗಳಿಗೆ ರಿಯಾಯಿತಿ ಶುರುವಾಗುತ್ತದೆ.

ರಿಯಾಯಿತಿ ಕೊಡುವ ದಾರಿಗಳನ್ನು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಪಟ್ಟಿ ಮಾಡಿದ್ದರು. ಕೊಲೆಯನ್ನು ‘ಕೆಲಸ’ ಎಂದು ಕರೆಯುವುದು, ಹೊಣೆಯನ್ನು ಆಜ್ಞೆ ಕೊಟ್ಟವನ ತಲೆಗೆ ಹೊರಿಸುವುದು, ಇವನಿಗಿಂತ ಕೆಟ್ಟವನೊಬ್ಬನನ್ನು ಪಕ್ಕದಲ್ಲಿ ನಿಲ್ಲಿಸುವುದು, ಸತ್ತವನ ಮುಖವನ್ನೇ ತೋರಿಸದಿರುವುದು. ನಿಜ ಜೀವನದಲ್ಲಿ ಯುದ್ಧಾಪರಾಧಿಗಳೂ ಭ್ರಷ್ಟರೂ ತಮ್ಮ ಅಂತಃಸಾಕ್ಷಿಯನ್ನು ಸುಮ್ಮನಾಗಿಸುವ ದಾರಿಗಳಿವು. ಸುಪಾರಿ ಹಂತಕರ ಹಾಸ್ಯಚಿತ್ರಗಳು ಇವನ್ನೇ ಬಳಸಿಕೊಳ್ಳುತ್ತವೆ. 1997ರ ‘ಗ್ರಾಸ್ ಪಾಯಿಂಟ್ ಬ್ಲ್ಯಾಂಕ್’ನಲ್ಲಿ ಜಾನ್ ಕ್ಯೂಸಾಕ್‌ನ ಹಂತಕ ಹೈಸ್ಕೂಲು ಗೆಳೆಯರ ಹತ್ತನೇ ವರ್ಷದ ಸಮ್ಮಿಲನಕ್ಕೆ ಹೋಗಲು ಅಳುಕುತ್ತಾನೆ, ಮನೋವೈದ್ಯರ ಬಳಿ ಸಲಹೆ ಕೇಳುತ್ತಾನೆ. 1985ರ ‘ಪ್ರಿಜ್ಜೀಸ್ ಆನರ್’ನಲ್ಲಿ ಹಂತಕ ದಂಪತಿಗೆ ಸಂಸಾರ ಮತ್ತು ವೃತ್ತಿಯ ನಡುವೆ ಬಿಕ್ಕಟ್ಟು ಏಳುತ್ತದೆ. ನಮ್ಮವೇ ಆದ ಸಣ್ಣ ಚಿಂತೆಗಳನ್ನು ಹೊತ್ತವನನ್ನು ಪರಕೀಯನೆಂದು ದೂರವಿಡುವುದು ಮನಸ್ಸಿಗೆ ಕಷ್ಟ.

‘ಇನ್ ಬ್ರೂಜ್’ ಇವುಗಳಲ್ಲಿ ಒಂದು ದಾರಿಯನ್ನು ಮುಚ್ಚಿಬಿಡುತ್ತದೆ: ಸತ್ತ ಮಗುವಿನ ಮುಖವನ್ನು ಮರೆಮಾಚುವುದಿಲ್ಲ. ರೇ ತನ್ನನ್ನು ತಾನು ಕ್ಷಮಿಸಿಕೊಳ್ಳುವುದಿಲ್ಲ. ರೇಫ್ ಫೈನ್ಸ್ ಅಭಿನಯಿಸಿದ ಧಣಿ ಹ್ಯಾರಿಗೂ ಒಂದು ಕಟ್ಟಳೆಯಿದೆ: ಮಗುವನ್ನು ಕೊಂದವನು ಬದುಕಿರಬಾರದು. ಆ ಕಟ್ಟಳೆ ಅವನನ್ನು ಎಲ್ಲಿಗೆ ಒಯ್ಯುತ್ತದೆಂಬುದನ್ನು ಚಿತ್ರವನ್ನು ಇನ್ನೂ ನೋಡದವರಿಗಾಗಿ ಬಿಡುತ್ತೇನೆ. ಕೊಲೆಗಾರರ ಲೋಕದೊಳಗೇ ನೀತಿಯ ಪ್ರಶ್ನೆ ಇಷ್ಟು ಬಿಗಿಯಾಗಿ ಏಳುವುದರಿಂದ, ನಗುತ್ತಿರುವವರೂ ತೀರ್ಪು ಕೊಡುವ ಕೆಲಸದಿಂದ ತಪ್ಪಿಸಿಕೊಳ್ಳಲಾರರು. ಈ ಚಿತ್ರವನ್ನು ನಾನು ಗೌರವಿಸುವುದು ಇದಕ್ಕೇ.

ನಿಜದ ಸುಪಾರಿ

ತೆರೆಯ ಹಂತಕನಿಗೂ ನಿಜದ ಹಂತಕನಿಗೂ ಎಷ್ಟು ಅಂತರ? ಬರ್ಮಿಂಗ್‌ಹ್ಯಾಮ್ ಸಿಟಿ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನ 1974ರಿಂದ 2013ರವರೆಗೆ ಬ್ರಿಟನ್ನಿನಲ್ಲಿ ನಡೆದ 27 ಸುಪಾರಿ ಪ್ರಕರಣಗಳನ್ನೂ ಅವುಗಳಲ್ಲಿ ಭಾಗಿಯಾದ 36 ಹಂತಕರನ್ನೂ ಪರಿಶೀಲಿಸಿತು. ಒಂದು ಕೊಲೆಯ ಸರಾಸರಿ ದರ 15,180 ಪೌಂಡ್. ಅತಿ ಕಡಿಮೆ ದರ 200 ಪೌಂಡ್. ಅದನ್ನು ಪಡೆದು ಕೊಂದವನ ವಯಸ್ಸು 15. ಮರ್ಮಭರಿತ ಹೋಟೆಲು, ಕತ್ತಲ ಗಲ್ಲಿಗಳ ಬದಲು ಕೊಲೆಗಳು ನಡೆದದ್ದು ಬಡಾವಣೆಯ ಸಾಮಾನ್ಯ ಬೀದಿಗಳಲ್ಲಿ, ನಾಯಿಯನ್ನು ಅಡ್ಡಾಡಿಸಲು ಅಥವಾ ಅಂಗಡಿಗೆ ಹೊರಟವರ ಮೇಲೆ.

ಇಷ್ಟನ್ನು ಓದಿ ಯಾರೂ ನಗಲಾರರು. ಸಿನಿಮಾದ ಹಂತಕ ನುರಿತವನು, ಮಾತುಗಾರ, ಒಂಟಿ, ತನ್ನದೇ ಶಿಸ್ತುಳ್ಳವನು. ಆ ಕಲ್ಪಿತ ವ್ಯಕ್ತಿತ್ವವೇ ನಗುವಿಗೆ ಬೇಕಾದ ದೂರವನ್ನು ಒದಗಿಸುತ್ತದೆ. ಜಮೀನಿನ ತಗಾದೆಗೋ ವಿಮೆಯ ಹಣಕ್ಕೋ ನಡೆದ ಸುಪಾರಿ ಕೊಲೆಯ ಸುದ್ದಿಯನ್ನು ತಮ್ಮದೇ ತಾಲ್ಲೂಕಿನ ಪುಟದಲ್ಲಿ ಓದಿದ ಪ್ರೇಕ್ಷಕರಿಗೆ ಆ ದೂರ ತಾನಾಗಿ ಕಿರಿದಾಗುತ್ತದೆ. ಅವರ ಅಭಿಪ್ರಾಯದಲ್ಲಿ ಅವರು ಬದುಕಿದ ಊರೂ ಮಾತನಾಡುತ್ತಿರುತ್ತದೆ.

ನಗುವವರು ಕಟುಕರೇ?

ಕರಾಳ ಹಾಸ್ಯವನ್ನು ಮೆಚ್ಚುವವರ ಮನಸ್ಸು ಕಲ್ಲು ಎಂಬ ಆರೋಪವೂ ಹಳೆಯದು. ವಿಯೆನ್ನಾದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಉಲ್ರಿಕೆ ವಿಲ್ಲಿಂಗರ್ ತಂಡ 2017ರಲ್ಲಿ ಇದನ್ನು ಪರೀಕ್ಷಿಸಿತು. 156 ಮಂದಿ ವಯಸ್ಕರಿಗೆ ಕರಾಳ ಹಾಸ್ಯದ 12 ವ್ಯಂಗ್ಯಚಿತ್ರಗಳನ್ನು ತೋರಿಸಿ, ಜೊತೆಗೆ ಅವರ ಬುದ್ಧಿಮಟ್ಟ, ಮನಃಸ್ಥಿತಿ, ಆಕ್ರಮಣಶೀಲತೆಗಳನ್ನು ಅಳೆಯಿತು. ಮೂರು ಗುಂಪುಗಳು ಕಂಡವು. ಈ ಹಾಸ್ಯವನ್ನು ಅತಿ ಹೆಚ್ಚು ಅರ್ಥ ಮಾಡಿಕೊಂಡು ಅತಿ ಹೆಚ್ಚು ಮೆಚ್ಚಿದವರಲ್ಲಿ ಆಕ್ರಮಣಶೀಲತೆ ಕಡಿಮೆಯಿತ್ತು, ಮನಸ್ಸು ನಿರಾಳವಾಗಿತ್ತು, ಬುದ್ಧಿಪರೀಕ್ಷೆಯ ಅಂಕಗಳೂ ಹೆಚ್ಚಿದ್ದವು. ಅತಿ ಕಡಿಮೆ ಮೆಚ್ಚಿದ ಗುಂಪಿನಲ್ಲಿ ಮನಃಕ್ಲೇಶವೂ ಆಕ್ರಮಣಶೀಲತೆಯೂ ಹೆಚ್ಚಿದ್ದವು.

ಇದನ್ನು ಓದಿದ ಕೂಡಲೇ ‘ಡಾರ್ಕ್ ಕಾಮಿಡಿ ಮೆಚ್ಚುವವರೇ ಬುದ್ಧಿವಂತರು’ ಎಂದು ಹಲವು ಪತ್ರಿಕೆಗಳು ತಲೆಬರಹ ಕೊಟ್ಟವು. ಅಧ್ಯಯನ ಅಷ್ಟನ್ನು ಹೇಳುವುದಿಲ್ಲ. ಅದು ಚಿಕ್ಕ ಗುಂಪಿನ ಮೇಲೆ, ನಿಶ್ಚಲ ಚಿತ್ರಗಳಿಂದ ನಡೆದದ್ದು. ಸಂಬಂಧವನ್ನು ತೋರಿಸಿತೇ ಹೊರತು ಕಾರಣವನ್ನಲ್ಲ. ಅದರಿಂದ ಸಿಗುವ ಪಾಠ ಬೇರೆ: ಹೊರೆಯಿಂದ ಬಳಲಿದ ಮನಸ್ಸಿಗೆ ಇನ್ನೊಂದು ನೋವನ್ನು ಆಟವೆಂದು ಎತ್ತಿಕೊಳ್ಳುವ ಬಿಡುವಿರುವುದಿಲ್ಲ. ನಗಲಾಗದ್ದು ದಡ್ಡತನವಲ್ಲ, ನಕ್ಕದ್ದು ಕ್ರೌರ್ಯವಲ್ಲ. ಇಂದು ನಗದ ವ್ಯಕ್ತಿಯೇ ಮುಂದಿನ ವರ್ಷ ಅದೇ ಚಿತ್ರಕ್ಕೆ ನಗಬಹುದು.

ಪಕ್ಕದ ಕುರ್ಚಿಯ ನಗು

ನಾವು ಒಬ್ಬರೇ ನಿರ್ಧರಿಸಿದ್ದೇವೆ ಎಂದುಕೊಳ್ಳುವ ಅಭಿಪ್ರಾಯದಲ್ಲಿ ಇತರರ ಪಾಲೂ ಇದೆ. ನಗುವನ್ನು ಪ್ರಯೋಗಾಲಯದ ಹೊರಗೆ, ಜನರ ನಡುವೆ ಅಧ್ಯಯನ ಮಾಡಿದ ನರವಿಜ್ಞಾನಿ ರಾಬರ್ಟ್ ಪ್ರೊವೈನ್ ಪ್ರಕಾರ, ಒಬ್ಬರೇ ಇದ್ದಾಗಿನದಕ್ಕಿಂತ ಇತರರೊಂದಿಗಿದ್ದಾಗ ನಾವು ಸುಮಾರು 30 ಪಟ್ಟು ಹೆಚ್ಚು ನಗುತ್ತೇವೆ. ಡಾರ್ಕ್ ಕಾಮಿಡಿಯಲ್ಲಿ ಪಕ್ಕದವರ ನಗು ಇನ್ನೂ ಒಂದು ಕೆಲಸ ಮಾಡುತ್ತದೆ: ಇಲ್ಲಿ ನಗುವುದಕ್ಕೆ ಅಡ್ಡಿಯಿಲ್ಲ ಎಂದು ತಿಳಿಸುತ್ತದೆ. ತುಂಬಿದ ಚಿತ್ರಮಂದಿರದಲ್ಲಿ ನಕ್ಕ ದೃಶ್ಯವನ್ನೇ ಮನೆಯಲ್ಲಿ ರಾತ್ರಿ ಒಂಟಿಯಾಗಿ ನೋಡಿದಾಗ ಎದೆ ಭಾರವಾಗುವುದು ಇದರಿಂದಲೇ.

ನಿರೀಕ್ಷೆಯೂ ಅಷ್ಟೇ ಮುಖ್ಯ. ಲಾಸ್ ವೇಗಸ್‌ನ ಸಿನಿಮಾಸ್ಕೋರ್ ಸಂಸ್ಥೆ ಚಿತ್ರ ಬಿಡುಗಡೆಯಾದ ದಿನ ಹೊರಬರುವ ಪ್ರೇಕ್ಷಕರಿಂದ ಶಾಲೆಯ ಮಾದರಿಯ ಶ್ರೇಣಿ ಬರೆಸಿಕೊಳ್ಳುತ್ತದೆ. ಬ್ರ್ಯಾಡ್ ಪಿಟ್ ಸುಪಾರಿ ಹಂತಕನಾಗಿ ನಟಿಸಿದ ‘ಕಿಲ್ಲಿಂಗ್ ದೆಮ್ ಸಾಫ್ಟ್ಲಿ’ 2012ರಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಆಯ್ಕೆಯಾಗಿ ಅನೇಕ ವಿಮರ್ಶಕರ ಮೆಚ್ಚುಗೆ ಪಡೆದ ಚಿತ್ರ. ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಅತಿ ಕೆಳಗಿನ ‘ಎಫ್’. ದೊಡ್ಡ ತಾರೆಯ ಬಿರುಸಿನ ಚಿತ್ರವನ್ನು ಬಯಸಿ ಬಂದವರಿಗೆ ಆರ್ಥಿಕ ಕುಸಿತದ ಬಗೆಗಿನ ನಿಧಾನಗತಿಯ, ಕಹಿ ನಗೆಯ ಚಿತ್ರ ಎದುರಾಗಿತ್ತು. ನಗಲು ಸಜ್ಜಾಗಿ ಬಂದಿದ್ದೇವೋ ನಡುಗಲು ಬಂದಿದ್ದೇವೋ ಎಂಬುದರ ಮೇಲೆ ಮೊದಲ ಹೆಣ ಬೀಳುವಾಗಿನ ನಮ್ಮ ಅರ್ಥೈಕೆ ನಿಂತಿರುತ್ತದೆ.

ಸರಾಸರಿ ಮರೆಮಾಚುವುದು

ಇಷ್ಟೆಲ್ಲ ಸಂಗತಿಗಳು ಬೆರೆತ ಅಭಿಪ್ರಾಯಗಳನ್ನು ಕೂಡಿ ಭಾಗಿಸಿ ಒಂದೇ ಅಂಕಿಯಾಗಿಸುವುದು ಇಂದಿನ ಪದ್ಧತಿ. ಹತ್ತು ಜನ ನೋಡಿದ ಚಿತ್ರಕ್ಕೆ ಐವರು 9, ಐವರು 2 ಅಂಕ ಕೊಟ್ಟರೆ ಸರಾಸರಿ 5.5. ಇನ್ನೊಂದು ಚಿತ್ರಕ್ಕೆ ಐವರು 5, ಐವರು 6 ಕೊಟ್ಟರೂ ಸರಾಸರಿ 5.5. ಮೊದಲ ಚಿತ್ರದ ಅಂಕಗಳು ಸರಾಸರಿಯಿಂದ 3.5ರಷ್ಟು ದೂರ ಚದುರಿವೆ. ಎರಡನೆಯದರದು ಬರೀ 0.5. ಮೊದಲನೆಯದು ಜನರನ್ನು ಕಲಕಿದ ಚಿತ್ರ, ಎರಡನೆಯದು ಮರೆತುಹೋಗುವ ಚಿತ್ರ. ಸರಾಸರಿ ಎರಡನ್ನೂ ಒಂದೇ ಎನ್ನುತ್ತದೆ.

ಗಣಕ ವಿಜ್ಞಾನಿಗಳಿಗೂ ಇದು ತೊಡಕಾಯಿತು. ಪ್ರೇಕ್ಷಕರ ಅಂಕವನ್ನು ತನ್ನ ತಂತ್ರಾಂಶಕ್ಕಿಂತ ಶೇ 10ರಷ್ಟು ಹೆಚ್ಚು ನಿಖರವಾಗಿ ಊಹಿಸುವವರಿಗೆ 10 ಲಕ್ಷ ಡಾಲರ್ ಬಹುಮಾನವೆಂದು ನೆಟ್‌ಫ್ಲಿಕ್ಸ್ 2006ರಲ್ಲಿ ಸಾರಿತು. 17,770 ಚಿತ್ರಗಳಿಗೆ ಜನ ಕೊಟ್ಟ 10 ಕೋಟಿಗೂ ಹೆಚ್ಚು ಅಂಕಗಳನ್ನು ಸ್ಪರ್ಧಿಗಳ ಕೈಗಿತ್ತಿತು. ಬಹುಮಾನ ಸಂದದ್ದು 2009ರಲ್ಲಿ. ನಡುವೆ ಸ್ಪರ್ಧಿಗಳನ್ನು ಕಾಡಿದ್ದು ‘ನೆಪೋಲಿಯನ್ ಡೈನಮೈಟ್’ ಎಂಬ 2004ರ ವಿಚಿತ್ರ ಹಾಸ್ಯಚಿತ್ರ. ಅದಕ್ಕೆ ಜನ ಒಂದೋ 5 ಕೊಡುತ್ತಿದ್ದರು, ಇಲ್ಲವೇ 1. ಯಾರು ಯಾವ ಕಡೆ ಬೀಳುತ್ತಾರೆಂದು ಅವರು ಹಿಂದೆ ಮೆಚ್ಚಿದ ಚಿತ್ರಗಳಿಂದ ಊಹಿಸಲಾಗುತ್ತಿರಲಿಲ್ಲ. ಹಂತಕಿಯೊಬ್ಬಳ ಸೇಡಿನ ಕಥೆಯಾದ ‘ಕಿಲ್ ಬಿಲ್’ನ ಮೊದಲ ಭಾಗವೂ ಊಹೆಗೆ ಸಿಗದ ಚಿತ್ರಗಳ ಸಾಲಿನಲ್ಲಿತ್ತು.

ಆದ್ದರಿಂದ ಇಂಥ ಚಿತ್ರಗಳ ಬಗ್ಗೆ ಅಭಿಪ್ರಾಯ ಕೇಳುವ ರೀತಿ ಬದಲಾಗಬೇಕು. ಎಷ್ಟು ನಕ್ಷತ್ರ ಎಂದು ಕೇಳುವುದಕ್ಕಿಂತ ಎಲ್ಲಿಯವರೆಗೆ ನಕ್ಕಿರಿ, ಯಾವ ದೃಶ್ಯದಲ್ಲಿ ನಗು ನಿಂತಿತು, ಮತ್ತೆ ಮರಳಿತೇ ಎಂದು ಕೇಳಬೇಕು. ಆ ಉತ್ತರದಲ್ಲಿ ಚಿತ್ರದ ಕಟ್ಟೂ ಹೇಳುವವರ ಬದುಕೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ವಿಮರ್ಶಕರು ತಮ್ಮ ನಗು ನಿಂತ ಜಾಗವನ್ನು ಪ್ರಾಮಾಣಿಕವಾಗಿ ಬರೆದರೆ ಓದುಗರು ಅದರಿಂದ ತಮ್ಮ ಅಳತೆಯನ್ನು ತಾವೇ ಊಹಿಸಿಕೊಳ್ಳಬಲ್ಲರು.

ಕೊಲೆಯ ಕಥೆಗೆ ನಗಬಹುದೇ ಎಂಬ ಪ್ರಶ್ನೆಗೆ ವಿಜ್ಞಾನ ಹೌದು, ಅಲ್ಲ ಎಂಬ ತೀರ್ಪು ಕೊಡುವುದಿಲ್ಲ. ಎಲ್ಲರೂ ಕೊನೆಯವರೆಗೆ ಒಂದೇ ಸಮನೆ ನಕ್ಕರೆ ಆ ಚಿತ್ರದಲ್ಲಿ ಸಾವಿಗೆ ತೂಕವೇ ಇರಲಿಲ್ಲ ಎಂದರ್ಥ. ಯಾರೂ ನಗದಿದ್ದರೆ ಅಲ್ಲಿ ಹಾಸ್ಯವಿರಲಿಲ್ಲ. ಸಭಾಂಗಣ ಇಬ್ಭಾಗವಾದಾಗಲೇ ಡಾರ್ಕ್ ಕಾಮಿಡಿ ತನ್ನ ಕೆಲಸ ಮಾಡುತ್ತಿದೆ. ಅದನ್ನು ಸರಿಯಾಗಿ ಅರಿಯಲು ನಗದವರ ಸಾಕ್ಷ್ಯವೂ ನಕ್ಕವರ ಸಾಕ್ಷ್ಯದಷ್ಟೇ ಬೇಕು.